ಎತ್ತಿಗೊಂದು ವಾರ, ಆಳಿಗೊಂದು ವಾರ

ನಮ್ಮ ಸವದತ್ತಿ ಸೀಮೆಯಲ್ಲಿ ಸೋಮವಾರ ಎತ್ತು ಹೂಡುವ ರೂಢಿಯಿಲ್ಲ. ಅದು ಬಸವಣ್ಣನ ವಾರ. ಅಂದು ಎತ್ತಿನ ಹೆಗಲ ಮೇಲೆ ನೊಗವಿಡುವುದು ಪಾಪವೆಂಬ ನಂಬಿಕೆ ಹಿರಿಯರಿಂದ ನಡೆದುಬಂದಿದೆ. ಕ್ರೈಸ್ತರ ಸಬ್ಬತ್ ಎಂದರೇನೆಂದು ಯಾರಾದರೂ ಕೇಳಿದರೆ ನಾನು ಮೊದಲು ಈ ರೂಢಿಯನ್ನೇ ನೆನಪಿಸುತ್ತೇನೆ.

ಸಬ್ಬತ್ ಹೀಬ್ರೂ ಭಾಷೆಯ ಮಾತು. ಕೆಲಸ ನಿಲ್ಲಿಸುವುದೆಂದು ಅದರ ಧಾತ್ವರ್ಥ. ಯೆಹೂದ್ಯರಿಗೆ ಅದು ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ. ದಶಾಜ್ಞೆಗಳು ಬೈಬಲಿನಲ್ಲಿ ಎರಡೆಡೆ ಬಂದಿವೆ. ದೇವರು ಸೃಷ್ಟಿಕಾರ್ಯ ಮುಗಿಸಿ ವಿಶ್ರಮಿಸಿದನೆಂಬ ಕಾರಣವನ್ನು ವಿಮೋಚನಕಾಂಡ ಹೇಳುತ್ತದೆ. ಧರ್ಮೋಪದೇಶಕಾಂಡದ ತರ್ಕವೇ ಬೇರೆ: ಇಸ್ರಾಯೇಲರು ಐಗುಪ್ತದಲ್ಲಿ ತಾವೇ ದಾಸರಾಗಿದ್ದವರಾದ್ದರಿಂದ ತಮ್ಮ ಆಳುಗಳಿಗೂ ಬಿಡುವು ಕೊಡತಕ್ಕದ್ದು. ಎತ್ತು ಕತ್ತೆಗಳೂ ಆ ಪಟ್ಟಿಯಲ್ಲಿ ಸೇರಿವೆ. ನನಗೆ ಈ ಎರಡನೆಯ ಕಾರಣವೇ ಹತ್ತಿರದ್ದು, ಅದಕ್ಕೊಂದು ಹಿನ್ನೆಲೆಯುಂಟು.

ಚಚಡಿ ನನ್ನ ತಾಯಿಯ ತವರೂರು. ಎಂ.ಎ. ಓದುತ್ತಿದ್ದಾಗ ಸುಗ್ಗಿಯ ದಿನಗಳಲ್ಲೊಮ್ಮೆ ಅಲ್ಲಿಗೆ ಹೋಗಿದ್ದೆ. ನಮ್ಮವರೆಂದರೆ ಎರಡು ಮೂರು ಮನೆ. ರವಿವಾರ ಬೆಳಿಗ್ಗೆ ಸೋದರಮಾವನವರ ಪಡಸಾಲೆಯಲ್ಲಿ ಕೂಡಿ ಪ್ರಾರ್ಥಿಸುವುದು ವಾಡಿಕೆ. ಅಂದು ಮಾವನವರೇ ಇರಲಿಲ್ಲ. ಜೋಳ ಕೀಳಲು ಪರರ ಹೊಲಕ್ಕೆ ಕೂಲಿಗೆ ಹೋಗಿದ್ದರು. ಸಂಜೆ ಮರಳಿದವರಿಗೆ ನಾನು ಓದಿದವನ ಗತ್ತಿನಿಂದ ಸಬ್ಬತ್ತಿನ ಆಜ್ಞೆಯನ್ನು ಬೋಧಿಸಿದೆ. ಅವರು ಕಾಲು ತೊಳೆಯುತ್ತಲೇ, "ಎತ್ತಿಗೆ ಸೋಮವಾರ ಐತಿ ತಮ್ಮಾ, ನನಗ ಯಾವ ವಾರ ಐತಿ?" ಎಂದರು. ಉತ್ತರ ಕೊಡಲು ನನ್ನಲ್ಲಿ ಮಾತಿರಲಿಲ್ಲ.

ಮುಂದೆ ಚರಿತ್ರೆಯನ್ನು ಓದಿದಂತೆ ನನ್ನ ಅಜ್ಞಾನ ತಿಳಿಯುತ್ತ ಬಂತು. ಯೇಸುಸ್ವಾಮಿ ಪುನರುತ್ಥಾನ ಹೊಂದಿದ ದಿನವೆಂದು ಆದಿಕ್ರೈಸ್ತರು ರವಿವಾರ ಕೂಡತೊಡಗಿದಾಗ ಅದು ರಜೆಯ ದಿನವಾಗಿರಲಿಲ್ಲ. (ಶನಿವಾರವನ್ನೇ ಆಚರಿಸುವ ಪಂಗಡಗಳು ಇಂದಿಗೂ ಉಂಟು, ಆ ವಾದಕ್ಕೆ ನಾನಿಲ್ಲಿ ಕೈಹಾಕುವುದಿಲ್ಲ.) ಕ್ರಿ.ಶ. 112ರ ಸುಮಾರಿಗೆ ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ, ಈ ಜನ ಗೊತ್ತಾದ ದಿನ ಬೆಳಕು ಹರಿಯುವ ಮುನ್ನವೇ ಕೂಡಿ ಹಾಡುತ್ತಿದ್ದರೆಂಬ ಸಂಗತಿಯಿದೆ. ಅವರಲ್ಲಿ ದಾಸಿಯರೂ ಇದ್ದರು. ಹಗಲು ಅವರ ಕೈಯಲ್ಲಿರಲಿಲ್ಲ. ಕೂಡುವುದನ್ನು ಮಾತ್ರ ಬಿಡಲಿಲ್ಲ. 321ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ರವಿವಾರದ ಬಿಡುವನ್ನು ಶಾಸನ ಮಾಡಿದಾಗಲೂ ಅದು ಪಟ್ಟಣಿಗರಿಗೆ. ಬಿತ್ತುವ ಹದ ತಪ್ಪಬಾರದೆಂದು ಹೊಲದ ಕೆಲಸಕ್ಕೆ ಅನುಮತಿಯಿತ್ತು. ಆ ಶಾಸನ ನಮ್ಮ ಮಾವನವರ ಪರವಾಗಿತ್ತೊ ವಿರುದ್ಧವಾಗಿತ್ತೊ, ಇನ್ನೂ ಬಗೆಹರಿದಿಲ್ಲ.

ನಮ್ಮ ಕಡೆ ರವಿವಾರದ ಕಟ್ಟುನಿಟ್ಟನ್ನು ತಂದವರು 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನವರು. ಮಂಗಳೂರಿನ ಅವರ ನೇಯ್ಗೆಯ, ಹೆಂಚಿನ ಕಾರ್ಖಾನೆಗಳಲ್ಲಿ ಕೆಲಸ ಕೊಡುವವರೂ ಸಭೆ ನಡೆಸುವವರೂ ಒಂದೇ ಸಂಸ್ಥೆಯವರು. ಹಳ್ಳಿಯ ಕೂಲಿಕಾರನಿಗೆ ಆ ಅನುಕೂಲ ಎಲ್ಲಿಯದು? ಮುಂಬಯಿಯ ಗಿರಣಿ ಕಾರ್ಮಿಕರಿಗೆ ರವಿವಾರದ ರಜೆ ದೊರೆತದ್ದು 1890ರಲ್ಲಿ. ಅದಕ್ಕಾಗಿ ಹೋರಾಡಿದ ನಾರಾಯಣ ಮೇಘಾಜಿ ಲೋಖಂಡೆಯವರು ಕ್ರೈಸ್ತರಲ್ಲ, ಜ್ಯೋತಿಬಾ ಫುಲೆಯವರ ಅನುಯಾಯಿ. ರವಿವಾರ ಖಂಡೋಬನ ವಾರವೆಂಬುದು ಅವರು ಮುಂದಿಟ್ಟ ಕಾರಣಗಳಲ್ಲೊಂದು. ಖಂಡೋಬನೆಂದರೆ ನಮ್ಮ ಮೈಲಾರಲಿಂಗನೇ.

ರೋಮಿನಲ್ಲಿದ್ದ ಜಸ್ಟಿನ್ ಎಂಬ ಕ್ರೈಸ್ತ ಚಿಂತಕ 150ರ ಸುಮಾರಿಗೆ ರವಿವಾರದ ಆರಾಧನೆಯನ್ನು ವರ್ಣಿಸಿದ್ದಾನೆ. ಓದು, ಪ್ರಾರ್ಥನೆಗಳ ಬಳಿಕ ರೊಟ್ಟಿ ದ್ರಾಕ್ಷಾರಸಗಳನ್ನು ಹಂಚುತ್ತಿದ್ದರು. ಬಾರದವರ ಪಾಲನ್ನು ಸೇವಕರು ಅವರಿದ್ದಲ್ಲಿಗೆ ಒಯ್ಯುತ್ತಿದ್ದರು. ಕೂಡಿದ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ಸೆರೆಯಲ್ಲಿದ್ದವರಿಗೆ ಸಲ್ಲುತ್ತಿತ್ತು. ಬಾರದವನನ್ನು ಹಳಿಯುವ ಮೊದಲು ಅವನ ಪಾಲನ್ನು ಎತ್ತಿಡುವ ಈ ಪದ್ಧತಿ ಅಂದು ನನಗೆ ತಿಳಿದಿರಲಿಲ್ಲ.

ಚಚಡಿಯಲ್ಲಿ ಅದನ್ನು ಯಾರೂ ಓದಿರಲಿಲ್ಲ. ಆದರೂ ನಾನು ಮರುವರ್ಷ ಹೋದಾಗ ಸುಗ್ಗಿ ಮುಗಿಯುವವರೆಗೆ ಪ್ರಾರ್ಥನೆಯನ್ನು ರಾತ್ರಿಗೆ ಬದಲಾಯಿಸಿದ್ದರು. ಕೂಲಿಗೆ ಹೋದವರೆಲ್ಲ ಮರಳಿ, ಕಾಲು ತೊಳೆದು ಕೂಡುವವರೆಗೆ ಅತ್ತೆಯವರು ಬೈಬಲನ್ನು ತೆರೆಯಗೊಡುತ್ತಿರಲಿಲ್ಲ.