ನಿದ್ರೆ ಕದಿಯುವ ‘ಮುಂದಿನ ಕಂತು’

“ಇದೊಂದು ಮುಗೀಲಿ ಅಮ್ಮೀ, ಮಲಗ್ತೀನಿ.”

ರಾತ್ರಿ ಹನ್ನೊಂದಕ್ಕೆ ಈ ಮಾತು ಕೇಳಿಸದ ಮನೆ ಈಗ ಎಲ್ಲಿದೆ? ದೂಧಗಂಗಾ, ವೇದಗಂಗಾ ನದಿಗಳು ಕೂಡುವ ನಮ್ಮ ಭೋಜದಂಥ ಊರಿನಲ್ಲೂ ಇದೇ ಕಥೆ. ಆ ಒಂದು ಕಂತು ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿ ಶುರುವಾಗಿರುತ್ತದೆ. ನೋಡುತ್ತಿದ್ದಂತೆ ಗಡಿಯಾರ ಒಂದೂವರೆ ಎನ್ನುತ್ತದೆ. ಬೆಳಗ್ಗೆ ಫಜ್ರ್‌ಗೆ ಎಬ್ಬಿಸಿದರೆ ಕಣ್ಣು ತೆರೆಯುವುದಿಲ್ಲ. ತಿಂಡಿ ಬೇಡ, ತರಗತಿಯಲ್ಲಿ ತೂಕಡಿಕೆ, ಮಾತಿಗೆ ಮುಂಚೆ ಸಿಟ್ಟು. ಮಗ ಸೋಮಾರಿಯಾದ ಎಂದು ಗದರುತ್ತೇವೆ. ಅವನು ಎಷ್ಟು ತಾಸು ಮಲಗಿದ್ದ ಎಂದು ಮಾತ್ರ ಲೆಕ್ಕ ಹಾಕುವುದಿಲ್ಲ.

ಆಗ ಟೀವಿಯೇ ಮುಗಿಯುತ್ತಿತ್ತು

1990ರಲ್ಲಿ ದೂರದರ್ಶನದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿ ಬರುತ್ತಿದ್ದ ಕಾಲ ಹಿರಿಯರಿಗೆ ನೆನಪಿರಬಹುದು. ಹಳ್ಳಿಗಳಲ್ಲಿ ಟೀವಿ ಇದ್ದ ಮನೆಗಳು ಕೆಲವೇ. ಪಡಸಾಲೆ ತುಂಬಿ ಅಂಗಳದ ತನಕ ಜನ ಕೂರುತ್ತಿದ್ದರು. ವಾರಕ್ಕೆ ಒಂದೇ ಕಂತು. ಅದು ಮುಗಿದರೆ ಚಪ್ಪಲಿ ಹುಡುಕಿಕೊಂಡು ಮನೆಗೆ ಹೊರಡಲೇಬೇಕು. ಮುಂದೇನಾಯಿತು ಎಂದು ತಿಳಿಯಲು ಏಳು ದಿನ ಕಾಯಬೇಕು.

ಈಗ ಆ ಕಾಯುವಿಕೆಯೇ ಇಲ್ಲ. ನೆಟ್‌ಫ್ಲಿಕ್ಸ್ ಅಮೆರಿಕದಲ್ಲಿ 2007ರಲ್ಲಿ ಅಂತರ್ಜಾಲದ ಮೂಲಕ ಚಿತ್ರ ತೋರಿಸಲು ಆರಂಭಿಸಿತು. 2013ರಲ್ಲಿ ‘ಹೌಸ್ ಆಫ್ ಕಾರ್ಡ್ಸ್’ ಧಾರಾವಾಹಿಯ ಒಂದಿಡೀ ಸೀಸನ್ನನ್ನು ಒಂದೇ ದಿನ ಬಿಡುಗಡೆ ಮಾಡಿತು. ಹೀಗೆ ಒಂದೇ ಸಮನೆ ಕೂತು ಕಂತಿನ ಮೇಲೆ ಕಂತು ನೋಡುವುದಕ್ಕೆ ‘ಬಿಂಜ್ ವಾಚಿಂಗ್’ ಎಂಬ ಹೆಸರೇ ಬಂತು. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೆ ಕಾಲಿಟ್ಟಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಗಿ, ಹಳ್ಳಿಯ ಹುಡುಗನ ಕೈಯಲ್ಲೂ ಟೀವಿ ಬಂದು ಕೂತಿತು. 2020ರ ಲಾಕ್‌ಡೌನ್‌ನಲ್ಲಿ ಚಿತ್ರಮಂದಿರಗಳು ಮುಚ್ಚಿದಾಗ ‘ಲಾ’, ‘ಫ್ರೆಂಚ್ ಬಿರಿಯಾನಿ’ಯಂಥ ಕನ್ನಡ ಸಿನಿಮಾಗಳು ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲೇ ತೆರೆಕಂಡವು.

ನಮ್ಮ ಮನೆಗಳಲ್ಲಿ ಬಹಳ ಮಂದಿ ಮೆಚ್ಚಿದ ಟರ್ಕಿಯ ‘ಎರ್ತುಗ್ರುಲ್’ ಧಾರಾವಾಹಿಯನ್ನೇ ನೋಡಿ. ಅದರಲ್ಲಿ 150 ಕಂತು, ಒಂದೊಂದೂ ಸುಮಾರು ಎರಡು ತಾಸಿನದು. ಟರ್ಕಿಯ ಜನ ಅದನ್ನು ವಾರಕ್ಕೊಂದರಂತೆ 2014ರ ಡಿಸೆಂಬರ್‌ನಿಂದ 2019ರ ಮೇ ತನಕ ನೋಡಿದರು. ಅದೇ 300 ತಾಸನ್ನು ದಿನಕ್ಕೆ ಐದು ತಾಸಿನಂತೆ ನೋಡಿದರೆ ಅರವತ್ತೇ ದಿನದಲ್ಲಿ ಮುಗಿಯುತ್ತದೆ. ದುಡಿಯುವವರಿಗೆ, ಓದುವವರಿಗೆ ದಿನಕ್ಕೆ ಐದು ತಾಸು ಎಲ್ಲಿಂದ ಬರಬೇಕು? ರಾತ್ರಿಯಿಂದಲೇ ಬರಬೇಕು.

ಇದು ಆಕಸ್ಮಿಕವಲ್ಲ. ತಮ್ಮ ಸಂಸ್ಥೆ ಜನರ ನಿದ್ರೆಯೊಂದಿಗೇ ಪೈಪೋಟಿ ನಡೆಸುತ್ತಿದೆ ಎಂದು ನೆಟ್‌ಫ್ಲಿಕ್ಸ್‌ನ ಅಂದಿನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ 2017ರಲ್ಲಿ ಬಹಿರಂಗವಾಗಿಯೇ ಹೇಳಿದ್ದರು.

ನಿದ್ರೆಗೆಟ್ಟರೆ ಏನಾಗುತ್ತದೆ?

ಕತ್ತಲಾಗುತ್ತಿದ್ದಂತೆ ಮಿದುಳಿನಲ್ಲಿರುವ ಪೀನಿಯಲ್ ಗ್ರಂಥಿ ‘ಮೆಲಟೋನಿನ್’ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಮಲಗುವ ಹೊತ್ತಾಯಿತು ಎಂದು ದೇಹಕ್ಕೆ ತಿಳಿಸುವುದು ಅದೇ. ಕಣ್ಣಿನ ಮುಂದೆ ಬೆಳಕು ಉರಿಯುತ್ತಿದ್ದರೆ ಈ ಸ್ರಾವ ತಗ್ಗುತ್ತದೆ. ಕಥೆಯ ಕುತೂಹಲವೂ ಸೇರಿದರೆ ಮನಸ್ಸು ಇನ್ನಷ್ಟು ಎಚ್ಚರವಾಗುತ್ತದೆ. ಹಾಗಾಗಿಯೇ ಮೊಬೈಲ್ ಕೆಳಗಿಟ್ಟ ಮೇಲೂ ಅರ್ಧ ತಾಸು ಹೊರಳಾಡುವುದು.

ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ರೆಯಲ್ಲಿ. ಮಕ್ಕಳ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದೂ ಗಾಢ ನಿದ್ರೆಯಲ್ಲೇ. ನಿದ್ರಿಸುವಾಗ ರಕ್ತದೊತ್ತಡ ಇಳಿದು ಹೃದಯಕ್ಕೆ ಬಿಡುವು ಸಿಗುತ್ತದೆ. ತಿಂಗಳುಗಟ್ಟಲೆ ನಿದ್ರೆಗೆಟ್ಟವರಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜಿನ ಅಪಾಯ ಹೆಚ್ಚು.

ವಯಸ್ಕರಿಗೆ ಕನಿಷ್ಠ 7 ತಾಸು, 13ರಿಂದ 18 ವರ್ಷದವರಿಗೆ 8ರಿಂದ 10 ತಾಸು, 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ತಾಸು ನಿದ್ರೆ ಬೇಕು. ಐದೂವರೆಗೆ ಏಳಬೇಕಾದ ಹೈಸ್ಕೂಲ್ ಹುಡುಗ ಒಂಬತ್ತೂವರೆಗಾದರೂ ಮಲಗಬೇಕೆಂದಾಯಿತು. ಇಶಾ ನಂತರ ಅನಗತ್ಯ ಹರಟೆಯನ್ನು ಪ್ರವಾದಿ(ಸ) ಇಷ್ಟಪಡುತ್ತಿರಲಿಲ್ಲ ಎಂಬುದನ್ನು ಮಕ್ಕಳಿಗೆ ಕಲಿಸುತ್ತೇವೆ. ನಮ್ಮ ಕೈಯಲ್ಲಿರುವ ಮೊಬೈಲಿಗೂ ಅದು ಅನ್ವಯಿಸುತ್ತದಲ್ಲವೇ?

ದೊಡ್ಡವರ ನಿದ್ರೆಗೇಡು ಇನ್ನೂ ಅಪಾಯಕಾರಿ. ನಮ್ಮ ಕಡೆಯ ಅನೇಕ ಯುವಕರು ಬೆಳಗ್ಗೆ ಬೈಕ್ ಏರಿ ಹೆದ್ದಾರಿಯಲ್ಲಿ ಕೆಲಸಕ್ಕೆ ಹೋಗುತ್ತಾರೆ, ದಿನವಿಡೀ ಯಂತ್ರಗಳ ಮುಂದೆ ನಿಲ್ಲುತ್ತಾರೆ. ನಾಲ್ಕೇ ತಾಸು ಮಲಗಿದವನಿಗೆ ಅರೆಕ್ಷಣ ಕಣ್ಣು ಮುಚ್ಚಿದ್ದು ಗೊತ್ತೇ ಆಗುವುದಿಲ್ಲ. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿರುತ್ತದೆ.

ಬೀಡಿಯ ಮೊರ, ಮಡಿಲ ಮೊಬೈಲ್

ನಿಪ್ಪಾಣಿ ಸೀಮೆಯಲ್ಲಿ ಬೀಡಿ ಕಟ್ಟುವ ಅಕ್ಕ ತಂಗಿಯರು ಬಹಳ. ಎಲೆ ಸುತ್ತುತ್ತಾ ಎದುರಿಗೆ ಮೊಬೈಲ್ ಇಟ್ಟು ಧಾರಾವಾಹಿ ಹಾಕಿಕೊಂಡರೆ ಬೇಸರ ಕಳೆಯುತ್ತದೆ, ಅದರಲ್ಲಿ ತಪ್ಪೇನಿಲ್ಲ. ಟೀವಿಯ ಸಮಯಕ್ಕೆ ತಾವು ಹೊಂದಿಕೊಳ್ಳಬೇಕಿದ್ದ ಹೆಂಗಸರಿಗೆ, ತಮಗೆ ಬಿಡುವಾದಾಗ ತಮಗೆ ಬೇಕಾದ್ದನ್ನು ನೋಡುವ ಅನುಕೂಲ ಸಿಕ್ಕಿದ್ದು ಸಣ್ಣ ಮಾತಲ್ಲ.

ಆದರೆ ಒಂದನ್ನು ಗಮನಿಸಿ. ತಂಬಾಕಿನ ಪುಡಿ ಮೆತ್ತಿದ ಬೆರಳಿನಿಂದಲೇ ಪರದೆ ಮುಟ್ಟುತ್ತೇವೆ. ಮಗು ಅತ್ತಾಗ ಅದೇ ಮೊಬೈಲನ್ನು ಅದರ ಕೈಗೆ ಕೊಡುತ್ತೇವೆ. ಮಗು ಮೊಬೈಲ್ ಮುಟ್ಟಿದ ಬೆರಳನ್ನು ಬಾಯಿಗಿಡುತ್ತದೆ. ತಂಬಾಕಿನ ನಿಕೋಟಿನ್ ಕೂಸಿಗೆ ವಿಷ. ಆದ್ದರಿಂದ ಕೈಯನ್ನು ಸೋಪಿನಿಂದ ತೊಳೆದ ಮೇಲೆಯೇ ಮೊಬೈಲ್ ಮುಟ್ಟಿ. ದಿನಕ್ಕೊಮ್ಮೆ ಮೊಬೈಲ್ ಆಫ್ ಮಾಡಿ, ತುಸು ಒದ್ದೆಯಾದ ಮೆತ್ತನೆ ಬಟ್ಟೆಯಿಂದ ಒರೆಸಿ. ಮೊಬೈಲನ್ನು ನೆಲದ ಮೇಲೆ ಇಡದೆ ಕಣ್ಣಿನ ಎತ್ತರಕ್ಕೆ ಇಟ್ಟರೆ ಕತ್ತು ನೋಯುವುದು ಕಡಿಮೆ. ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ದೂರದ ಮರದ ಕಡೆ ದೃಷ್ಟಿ ಹಾಯಿಸಿ.

ಎರಡು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರದಿರಲಿ ಎಂಬುದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆ. ವಿಡಿಯೋ ತೋರಿಸಿ ತುತ್ತು ತಿನ್ನಿಸುವ ಅಭ್ಯಾಸವನ್ನೂ ಬಿಡಬೇಕು. ಹೊಟ್ಟೆ ತುಂಬಿತೋ ಇಲ್ಲವೋ ಎಂಬುದು ಆ ಮಗುವಿಗೇ ತಿಳಿಯದಂತಾಗುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು

* ‘ಆಟೋಪ್ಲೇ’ ಆಫ್ ಮಾಡಿ. ಯೂಟ್ಯೂಬ್‌ನಲ್ಲಿ ವಿಡಿಯೋದ ಮೇಲ್ಭಾಗದಲ್ಲೇ ಅದರ ಗುಂಡಿ ಇರುತ್ತದೆ. ನೆಟ್‌ಫ್ಲಿಕ್ಸ್‌ನಲ್ಲಿ ಪ್ರೊಫೈಲ್‌ನ ಪ್ಲೇಬ್ಯಾಕ್ ಸೆಟ್ಟಿಂಗ್‌ನಲ್ಲಿದೆ. ಮುಂದಿನ ಕಂತಿಗೆ ನೀವೇ ಬೆರಳು ಒತ್ತಬೇಕಾದಾಗ ಗಡಿಯಾರದತ್ತ ಕಣ್ಣು ಹೋಗುತ್ತದೆ.

* ಕಂತಿನ ಕೊನೆಯಲ್ಲಿ ನಿಲ್ಲಿಸುವುದು ಕಷ್ಟ. ಕುತೂಹಲದ ಗಂಟು ಹಾಕುವುದೇ ಅಲ್ಲಿ. ಕಂತಿನ ನಡುವೆ, ಕಥೆ ಶಾಂತವಾಗಿರುವಲ್ಲಿ ನಿಲ್ಲಿಸಿ. ನಾಳೆ ಅಲ್ಲಿಂದಲೇ ಮುಂದುವರಿಯುತ್ತದೆ.

* ಮಲಗುವ ಒಂದು ತಾಸು ಮೊದಲು ಮನೆಯವರೆಲ್ಲರ ಮೊಬೈಲ್ ಪಡಸಾಲೆಯಲ್ಲಿ ಚಾರ್ಜಿಗೆ ಹೋಗಲಿ. ಅಬ್ಬಾನ ಮೊಬೈಲ್ ಹಾಸಿಗೆಯಲ್ಲಿದ್ದರೆ ಮಗನಿಗೆ ಹೇಳುವ ಮಾತಿಗೆ ಬೆಲೆ ಇರುವುದಿಲ್ಲ. ಏಳಲು ಅಲಾರಂ ಬೇಕೆಂದರೆ ಚಿಕ್ಕ ಗಡಿಯಾರ ಸಾಕು.

* ವಾರಕ್ಕೊಂದು ಹೊತ್ತು ಗೊತ್ತು ಮಾಡಿ, ಎಲ್ಲರೂ ಕೂಡಿ ಒಂದೇ ಪರದೆಯಲ್ಲಿ ನೋಡಿ. ಚಾದರದೊಳಗೆ ಒಬ್ಬನೇ ನೋಡುವವನಿಗೆ ಸಾಕು ಎನ್ನುವವರಿಲ್ಲ. ಕೂಡಿ ನೋಡುವಾಗ ದಾದಿ ಆಕಳಿಸಿದರೂ ಅದೇ ಒಂದು ಸೂಚನೆ.

* ಮಧ್ಯಾಹ್ನದ ನಂತರ ಚಹಾ ತಗ್ಗಿಸಿ. ನಿದ್ರೆ ಬರಲಿಲ್ಲವೆಂದು ಸ್ವಂತವಾಗಿ ಮಾತ್ರೆ ನುಂಗಬೇಡಿ. ಇಷ್ಟೆಲ್ಲ ಮಾಡಿಯೂ ವಾರಗಟ್ಟಲೆ ನಿದ್ರೆ ಹತ್ತದಿದ್ದರೆ, ಜೋರು ಗೊರಕೆ, ಬೆಳಗಿನ ತಲೆನೋವು ಇದ್ದರೆ ಅಥವಾ ಗಾಡಿ ಓಡಿಸುವಾಗ ತೂಕಡಿಕೆ ಬಂದರೆ ವೈದ್ಯರನ್ನು ಕಾಣಿ.

ಹಿಂದೆ ಧಾರಾವಾಹಿ ಯಾವಾಗ ಮುಗಿಯಬೇಕೆಂದು ದೂರದರ್ಶನ ನಿರ್ಧರಿಸುತ್ತಿತ್ತು. ಈಗ ಆ ಕೆಲಸ ನಮ್ಮ ಪಾಲಿಗೆ ಬಂದಿದೆ. ಇಂದು ರಾತ್ರಿ “ಇದೊಂದು ಮುಗೀಲಿ” ಎಂದು ಮಗ ಹೇಳಿದರೆ ಗದರಬೇಡಿ. ನಿಮ್ಮ ಕೈಯಲ್ಲಿರುವುದನ್ನು ಮೊದಲು ಕೆಳಗಿಟ್ಟು, “ಬಾ ಬೇಟಾ, ನಾನೂ ಮಲಗ್ತೀನಿ” ಎಂದು ಕರೆಯಿರಿ.