ಕೀಲಿಗಳ ನಡುವೆ ಗಮಕ

ಮದುವೆ ದಿಬ್ಬಣದ ಬ್ಯಾಂಡ್‌ಸೆಟ್ಟಿನಲ್ಲಿ, ಕಂಪನಿ ನಾಟಕದ ಪರದೆಯ ಮಗ್ಗುಲಲ್ಲಿ ಕ್ಲಾರಿಯೋನೆಟ್ ಕೇಳಿ ಬೆಳೆದವರು ನಾವು. ಅದರಲ್ಲಿ ತೋಡಿಯ ಆಲಾಪನೆ ಹೇಗಿದ್ದೀತು? ತಿರುಚ್ಚಿಯ ಎ.ಕೆ.ಸಿ. ನಟರಾಜನ್ ಅವರನ್ನು ಮೊದಲ ಸಲ ರೇಡಿಯೊದಲ್ಲಿ ಕೇಳಿದಾಗ ನಾಗಸ್ವರವೆಂದೇ ನಂಬಿ ಕುಳಿತಿದ್ದೆ.

1700ರ ಆಸುಪಾಸಿನಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಹುಟ್ಟಿದ ಕ್ಲಾರಿಯೋನೆಟ್ಟನ್ನು 19ನೇ ಶತಮಾನದಲ್ಲಿ ಸದಿರ್ ನೃತ್ಯದ ಮೇಳಕ್ಕೆ ಕರೆತಂದವರು ಮಹಾದೇವ ನಟ್ಟುವನಾರ್. ನರ್ತಕಿ ಬಾಲಸರಸ್ವತಿಯವರ ಮೇಳದಲ್ಲೂ ಅದಿತ್ತು. ಆದರೆ ಅಲ್ಲಿ ಅದು ಪಕ್ಕವಾದ್ಯ. ಮುಖ್ಯ ಕಛೇರಿಗೆ ಅದನ್ನು ಏರಿಸುವುದು ಸುಲಭವಿರಲಿಲ್ಲ.

ಕಷ್ಟ ವಾದ್ಯದ ಮೈಯಲ್ಲೇ ಇದೆ. ಕೊಳಲಿನಲ್ಲಿ ಉಸಿರು ಬಿಗಿಮಾಡಿದರೆ ಅದೇ ಬೆರಳಿಗೆ ಮೇಲಿನ ಸ್ಥಾಯಿಯ ಅದೇ ಸ್ವರ ಸಿಗುತ್ತದೆ. ಇಲ್ಲಿ ಹಾಗಲ್ಲ. ಎಡ ಹೆಬ್ಬೆರಳ ಕೀಲಿ ಒತ್ತಿದರೆ, ಮಧ್ಯ ಷಡ್ಜ ನುಡಿದ ಬೆರಳುಗಳೇ ತಾರ ಪಂಚಮ ನುಡಿಯುತ್ತವೆ. ಅಂದರೆ ಪ್ರತಿ ರಾಗಕ್ಕೂ ಕೆಳಗೊಂದು, ಮೇಲೊಂದು ಬೆರಳೋಟ! ಜೊತೆಗೆ ಕೀಲಿ ರಂಧ್ರವನ್ನು ಮುಚ್ಚುತ್ತದೆ, ಇಲ್ಲವೇ ತೆರೆಯುತ್ತದೆ. ಬೆರಳಿನಂತೆ ಸವರಿಕೊಂಡು ಜಾರಲು ಅದಕ್ಕೆ ಬಾರದು. ತೋಡಿಯ ಗಾಂಧಾರ ತೂಗಬೇಕಾದದ್ದು ಆ ಜಾರಿನಲ್ಲೇ. ಹಾಗಾಗಿ ತೆರೆದ ರಂಧ್ರದ ಮೇಲೆ ಬೆರಳನ್ನು ಕೂದಲೆಳೆಯಷ್ಟು ಎತ್ತಿ, ತುಟಿಯಲ್ಲಿ ರೀಡನ್ನು ಹದವಾಗಿ ಬಿಗಿದು ಸಡಿಲಿಸಿ, ಗಮಕವನ್ನು ದುಡಿದು ಪಡೆಯಬೇಕು.

1931ರಲ್ಲಿ ಹುಟ್ಟಿದ ನಟರಾಜನ್ ಅವರಿಗೆ ವಾದ್ಯ ತಂದೆಯಿಂದ ಬಂದದ್ದು. ಆದರೆ ಅವರು ಆಲತ್ತೂರು ವೆಂಕಟೇಶ ಅಯ್ಯರ್ ಅವರಲ್ಲಿ ಹಾಡುಗಾರಿಕೆ ಕಲಿತರು, ಇಲುಪ್ಪೂರು ನಟೇಶ ಪಿಳ್ಳೈ ಅವರಲ್ಲಿ ನಾಗಸ್ವರ ಕಲಿತರು. ನನ್ನ ಮಟ್ಟಿಗೆ ಅವರ ಸಾಧನೆಯ ಗುಟ್ಟು ಈ ಎರಡು ಪಾಠಗಳಲ್ಲೇ ಇದೆ: ಕೊರಳಲ್ಲಿ ಕೂತ ರಾಗ ಬೆರಳನ್ನು ಹುಡುಕಿಕೊಂಡು ಹೋಯಿತು. ನಾಗಸ್ವರ ಚಕ್ರವರ್ತಿ ಟಿ.ಎನ್. ರಾಜರತ್ನಂ ಪಿಳ್ಳೈ ಅವರೇ ಮೆಚ್ಚಿ 'ಕ್ಲಾರಿನೆಟ್ ಎವರೆಸ್ಟ್' ಎಂದು ಕರೆದರು. 2008ರಲ್ಲಿ ಸಂಗೀತ ಕಲಾನಿಧಿ, 2022ರಲ್ಲಿ ಪದ್ಮಶ್ರೀ ಬಂದವು.

ನಮ್ಮ ರಾಯಚೂರು ಸೀಮೆಯಲ್ಲೂ ಇದೇ ಕಥೆ. ಪಂಡಿತ ನರಸಿಂಹಲು ವಡವಾಟಿಯವರು ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಶಿಷ್ಯರಾಗಿ, ಗುರುವಿನ ಕಂಠದಿಂದ ಕಲಿತ ಹಿಂದೂಸ್ತಾನಿ ಖಯಾಲನ್ನು ಅದೇ ಕರಿಮರದ ಕೊಳವೆಗೆ ಇಳಿಸಿದರು. ಇಬ್ಬರ ಧ್ವನಿಮುದ್ರಿಕೆಗಳನ್ನೂ ಒಂದೇ ಸಂಜೆ, ಒಂದರ ಹಿಂದೊಂದು ಕೇಳಿ. ಮೊದಲು ತಿರುಚ್ಚಿ, ಆಮೇಲೆ ರಾಯಚೂರು.