ರಸ್ತೆಯಲ್ಲಿ ಒಲೆ ಹಚ್ಚುವ ಮೊದಲು ಎರಡು ಕಾಗದ ನೋಡಿರಿ



ಶ್ರಾವಣ ಕಳೆದು ಗಣೇಶೋತ್ಸವ ಬಂತೆಂದರೆ ಮುಂಬಯಿಯಲ್ಲಿ ನಮ್ಮ ಕೇಟರಿಂಗ್ ವ್ಯವಸಾಯಕ್ಕೆ ಸುಗ್ಗಿ. ಮಂಡಳಿಗಳ ಮಹಾಪ್ರಸಾದ, ನವರಾತ್ರಿಯ ಅನ್ನಸಂತರ್ಪಣೆ, ನವೆಂಬರಿನಲ್ಲಿ ಕನ್ನಡ ಸಂಘಗಳ ರಾಜ್ಯೋತ್ಸವ, ಹೀಗೆ ಒಂದರ ಹಿಂದೆ ಒಂದು ಆರ್ಡರು. ಈ ನಗರದಲ್ಲಿ ಮೈದಾನ ಸಿಗುವುದು ಕಷ್ಟ, ಸಭಾಗೃಹದ ಬಾಡಿಗೆ ದುಬಾರಿ. ಆದ್ದರಿಂದ ಎಷ್ಟೋ ಊಟಗಳು ಬೀದಿಯಲ್ಲೇ ನಡೆಯುತ್ತವೆ. ಬೀದಿಯಲ್ಲಿ ಪಂಕ್ತಿ ಕೂರಿಸಬೇಕಾದರೆ ಅಲ್ಲಿ ವಾಹನ ನಿಲ್ಲಿಸಬೇಕು. ಅದಕ್ಕೆ ಯಾರ ಅನುಮತಿ ಬೇಕೆಂದು ನಮ್ಮಲ್ಲಿ ಅನೇಕರು ವಿಚಾರಿಸುವುದೇ ಇಲ್ಲ. ನಾನೂ ವಿಚಾರಿಸಿರಲಿಲ್ಲ, ನಷ್ಟ ಅನುಭವಿಸಿ ಕಲಿತೆ.

ಕೆಲವು ವರ್ಷಗಳ ಹಿಂದೆ ಒಂದು ಮಂಡಳಿಯವರು 800 ಜನರ ಊಟಕ್ಕೆ ಹೇಳಿದ್ದರು. "ಪರ್ಮಿಶನ್ ಎಲ್ಲಾ ಆಗಿದೆ ಶೆಟ್ರೇ, ನೀವು ಅಡುಗೆ ನೋಡಿಕೊಳ್ಳಿ" ಎಂದರು. ನಂಬಿದೆ. ಬೆಳಿಗ್ಗೆ ಬೀದಿಯ ಎರಡೂ ತುದಿಗೆ ಬಿದಿರು ಕಟ್ಟಿ ಮೇಜು ಸಾಲಾಗಿ ಇಟ್ಟೆವು. ಹನ್ನೊಂದೂವರೆಗೆ ಟ್ರಾಫಿಕ್ ಪೊಲೀಸರು ಬಂದು ಕಾಗದ ಕೇಳಿದರು. ಮಂಡಳಿಯವರು ತೋರಿಸಿದ್ದು ಮಂಟಪದ ಅನುಮತಿ. ರಸ್ತೆ ಮುಚ್ಚುವ ಆದೇಶ ಇರಲೇ ಇಲ್ಲ. ಬಿದಿರು ಬಿಚ್ಚಿಸಿದರು. ಬಿಸಿ ಸಾಂಬಾರಿನ ಕೊಳಗಗಳನ್ನು ಎತ್ತಿ ಪಕ್ಕದ ಸೊಸೈಟಿಯ ಅಂಗಳಕ್ಕೆ ಸಾಗಿಸುವಾಗ ನಮ್ಮ ಒಬ್ಬ ಹುಡುಗನ ಕಾಲು ಸುಟ್ಟಿತು. ಕಾದು ಬೇಸತ್ತು ಅರ್ಧ ಜನ ಹೊರಟುಹೋದರು. ಅನ್ನ ಉಳಿಯಿತು; ಬಾಕಿ ಹಣದಲ್ಲಿ ಮಂಡಳಿಯವರು ಕಡಿತ ಮಾಡಿದರು. ತಪ್ಪು ಅವರದ್ದಾದರೂ ನಷ್ಟ ನಮ್ಮದು.

ಎರಡೂ ಒಂದೇ ಅಲ್ಲ

ಮಂಟಪದ ಅನುಮತಿ ಬೇರೆ, ರಸ್ತೆ ಮುಚ್ಚುವ ಅನುಮತಿ ಬೇರೆ. ಮೊದಲನೆಯದು ಮಹಾನಗರ ಪಾಲಿಕೆಯದು. 1888ರ ಮುಂಬಯಿ ಮಹಾನಗರ ಪಾಲಿಕೆ ಕಾಯ್ದೆಯ 317ನೇ ಕಲಮಿನಂತೆ ಹಬ್ಬ, ಸಮಾರಂಭಗಳಿಗೆ ಬೀದಿಯಲ್ಲಿ ತಾತ್ಕಾಲಿಕ ಮಂಟಪ ಹಾಕಲು ಪಾಲಿಕೆ ಆಯುಕ್ತರು ಲಿಖಿತ ಅನುಮತಿ ಕೊಡಬಹುದು; ಅದಕ್ಕೆ ಪೊಲೀಸ್ ಆಯುಕ್ತರ ಸಮ್ಮತಿ ಬೇಕು. ಅನುಮತಿ ಇಲ್ಲದೆ ಹಾಕಿದ್ದನ್ನು 314ನೇ ಕಲಮಿನಂತೆ ನೋಟೀಸು ಕೊಡದೆಯೇ ತೆಗೆಸಬಹುದು.

ಎರಡನೆಯದು ಟ್ರಾಫಿಕ್ ಪೊಲೀಸರದು. ಒಂದು ರಸ್ತೆಯಲ್ಲಿ ವಾಹನ ಸಂಚಾರ ನಿಲ್ಲಿಸುವ ಅಧಿಕಾರ ಬರುವುದು 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನಿಂದ. ಆದೇಶದಲ್ಲಿ ಯಾವ ರಸ್ತೆ, ಎಲ್ಲಿಂದ ಎಲ್ಲಿಯವರೆಗೆ, ಯಾವ ದಿನ, ಎಷ್ಟು ಗಂಟೆ, ಬದಲಿ ದಾರಿ ಯಾವುದು ಎಂದು ಬರೆದಿರುತ್ತದೆ. ಒಂದು ತಿಂಗಳಿಗೆ ಮೀರದ ನಿರ್ಬಂಧಕ್ಕೆ ಗೆಜೆಟ್ ಪ್ರಕಟಣೆ ಬೇಡ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು. ಈ ಆದೇಶ ಇಲ್ಲದೆ ನಾವು ಕಟ್ಟುವ ಬಿದಿರು ಕಾನೂನಿನ ದೃಷ್ಟಿಯಲ್ಲಿ ಬರೀ ಅಡ್ಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಂತೆ ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದವರಿಗೆ 5,000 ರೂಪಾಯಿವರೆಗೆ ದಂಡ ಇದೆ. ಹಳೆಯ ದಂಡ ಸಂಹಿತೆಯಲ್ಲಿ ಇದು 200 ರೂಪಾಯಿ ಇತ್ತು.

"ವರ್ಷವೂ ಮಾಡುತ್ತೇವೆ, ಯಾರೂ ಕೇಳುವುದಿಲ್ಲ" ಎನ್ನುವ ಕಾಲ ಹೋಯಿತು. ವಾಹನಗಳಿಗೂ ಪಾದಚಾರಿಗಳಿಗೂ ಅಡ್ಡಿಯಾಗುವಂತೆ ರಸ್ತೆಯಲ್ಲಿ ಮಂಟಪಕ್ಕೆ ಅನುಮತಿ ಕೊಡಬಾರದೆಂದು 2015ರಲ್ಲಿ ಮುಂಬಯಿ ಹೈಕೋರ್ಟು ಆದೇಶಿಸಿತು. ಬೀದಿಯಲ್ಲಿ ಮಂಟಪ ಹಾಕುವುದು ಮೂಲಭೂತ ಹಕ್ಕಲ್ಲವೆಂದು 2016ರ ತೀರ್ಪಿನಲ್ಲಿ ಸ್ಪಷ್ಟಪಡಿಸಿತು.

ಅರ್ಜಿ ಹೇಗೆ?

ಅರ್ಜಿ ಹಾಕಬೇಕಾದವರು ಕಾರ್ಯಕ್ರಮ ನಡೆಸುವವರು, ಕೇಟರಿಂಗ್‌ನವರಲ್ಲ. ನಿಮ್ಮ ಹೊಟೇಲಿನ ಮುಂದೆ ನೀವೇ ಕಾರ್ಯಕ್ರಮ ಇಟ್ಟುಕೊಂಡರೆ ಮಾತ್ರ ನೀವು ಅರ್ಜಿದಾರರು. ಮಂಟಪದ ಅರ್ಜಿ ಆಯಾ ವಾರ್ಡ್ ಆಫೀಸಿಗೆ. ಉದಾಹರಣೆಗೆ ಮಾಟುಂಗದವರಿಗೆ ಎಫ್ ನಾರ್ತ್. ಗಣೇಶೋತ್ಸವಕ್ಕೆ ಪಾಲಿಕೆಯಲ್ಲಿ "ಏಕ ಖಿಡಕಿ" ವ್ಯವಸ್ಥೆ ಇದೆ: ಆನ್‌ಲೈನ್ ಅರ್ಜಿ ಹಾಕಿದರೆ ಸ್ಥಳೀಯ ಠಾಣೆ ಮತ್ತು ಟ್ರಾಫಿಕ್ ಪೊಲೀಸರ ಎನ್‌ಒಸಿಗೆ ಅಲ್ಲಿಂದಲೇ ಹೋಗುತ್ತದೆ. ಆದರೆ ಈ ಎನ್‌ಒಸಿ ಮಂಟಪಕ್ಕೆ. ಊಟದ ದಿನ ಇಡೀ ರಸ್ತೆ ಮುಚ್ಚಬೇಕಿದ್ದರೆ ಟ್ರಾಫಿಕ್ ವಿಭಾಗಕ್ಕೆ ಪ್ರತ್ಯೇಕ ಪತ್ರ ಕೊಟ್ಟು, ಅದರ ಪ್ರತಿಯನ್ನು ಸ್ಥಳೀಯ ಠಾಣೆಗೂ ತಲುಪಿಸಿ, ಸ್ವೀಕೃತಿಯ ಠಸ್ಸೆ ಹಾಕಿಸಿಕೊಳ್ಳಬೇಕು. ಕನಿಷ್ಠ ಒಂದು ತಿಂಗಳ ಮೊದಲು ಕೊಡುವುದು ಒಳ್ಳೆಯದು.

ಪತ್ರದ ಜೊತೆ ಒಂದು ಸರಳ ನಕ್ಷೆ ಇರಲಿ. ಮಂಟಪ, ಒಲೆ, ಊಟದ ಮೇಜು ಎಲ್ಲಿ, ರಸ್ತೆಯ ಅಗಲ ಎಷ್ಟು, ಫೈರ್ ಬ್ರಿಗೇಡ್ ಬಂಬು ಮತ್ತು ಆಂಬುಲೆನ್ಸಿಗೆ ಎಷ್ಟು ಜಾಗ ಬಿಟ್ಟಿದ್ದೀರಿ ಎಂದು ತೋರಿಸಿ. ಬರುವ ಜನರ ಅಂದಾಜು, ಸ್ವಯಂಸೇವಕರ ಹೆಸರು, ಬದಲಿ ದಾರಿ, ಅಕ್ಕಪಕ್ಕದ ಸೊಸೈಟಿಗಳ ಒಪ್ಪಿಗೆ ಪತ್ರ ಸೇರಿಸಿ. ಬೆಸ್ಟ್ ಬಸ್ ಓಡುವ ರಸ್ತೆ, ಆಸ್ಪತ್ರೆಯ ಎದುರಿನ ರಸ್ತೆ, ಬೇರೆ ದಾರಿಯೇ ಇಲ್ಲದ ಗಲ್ಲಿ, ಇವುಗಳಿಗೆ ಅನುಮತಿ ಸಿಗುವುದು ಕಷ್ಟ. ಅಂಥಲ್ಲಿ ಅರ್ಧ ರಸ್ತೆ ಮಾತ್ರ, ಅದೂ ಮಧ್ಯಾಹ್ನ ಎರಡು-ಮೂರು ಗಂಟೆಗೆ ಕೇಳಿದರೆ ಒಪ್ಪುವ ಸಂಭವ ಹೆಚ್ಚು.

ಸಮಯ ಕೇಳುವಾಗ ನಮ್ಮ ಕೆಲಸವನ್ನು ಮರೆಯಬೇಡಿ. ಮಂಡಳಿಯವರು ಊಟ 12ರಿಂದ 3 ಎಂದು ಬರೆಯುತ್ತಾರೆ. ಟೆಂಪೊ ಇಳಿಸಿ ಮೇಜು ಹಾಕಲು ಮೊದಲು ಎರಡು ಗಂಟೆ, ಪಾತ್ರೆ ತುಂಬಿಸಿ ರಸ್ತೆ ತೊಳೆಯಲು ಆಮೇಲೆ ಒಂದೂವರೆ ಗಂಟೆ ಬೇಕು. ಅದನ್ನೂ ಬರೆಸಬೇಕು.

ನಮ್ಮ ಕಡೆಯ ಕಾಗದ

ಆಹಾರ ಸುರಕ್ಷತಾ ಲೈಸೆನ್ಸಿನ ಪ್ರತಿ ಸ್ಥಳದಲ್ಲಿ ಇರಲಿ. 14.2 ಕಿಲೋದ ಮನೆಬಳಕೆಯ ಸಿಲಿಂಡರ್ ತರಬೇಡಿ. 19 ಕಿಲೋದ ಕಮರ್ಷಿಯಲ್ ಸಿಲಿಂಡರೇ ಬೇಕು. ಸಾಧ್ಯವಿದ್ದಷ್ಟು ಅಡುಗೆ ನಮ್ಮ ಅಡುಗೆಮನೆಯಲ್ಲೇ ಮುಗಿಸಿ, ರಸ್ತೆಯಲ್ಲಿ ಬಿಸಿ ಮಾಡುವುದು ಮಾತ್ರ ಇಟ್ಟುಕೊಳ್ಳಿ. ಮಂಟಪದ ಬಟ್ಟೆಯ ಕೆಳಗೆ ಒಲೆ ಬೇಡ. ರಾತ್ರಿ ಊಟವಾದರೆ 10 ಗಂಟೆಯ ನಂತರ ಧ್ವನಿವರ್ಧಕಕ್ಕೆ ಸಾಮಾನ್ಯವಾಗಿ ನಿಷೇಧ ಇದೆ ಎಂಬುದೂ ನೆನಪಿರಲಿ.

ಕೊನೆಯದಾಗಿ ಒಂದು ಮಾತು. ಅಂದಿನಿಂದ ನಾನು ಆರ್ಡರ್ ಫಾರ್ಮಿನಲ್ಲಿ ಎರಡು ಸಾಲು ಸೇರಿಸಿದ್ದೇನೆ: "ಪಾಲಿಕೆಯ ಅನುಮತಿ ಮತ್ತು ಟ್ರಾಫಿಕ್ ಆದೇಶದ ಪ್ರತಿಗಳನ್ನು ಮೂರು ದಿನ ಮೊದಲು ಕೊಡತಕ್ಕದ್ದು. ಅನುಮತಿ ಇಲ್ಲದೆ ಊಟ ನಿಂತರೆ ಪೂರ್ತಿ ಹಣ ಕೊಡತಕ್ಕದ್ದು." ಇದಕ್ಕೆ ಸಹಿ ಹಾಕಲು ಒಬ್ಬಿಬ್ಬರು ಗೊಣಗಿದ್ದಾರೆ, ಒಂದು ಆರ್ಡರ್ ಕೈತಪ್ಪಿಯೂ ಹೋಗಿದೆ. ಪರವಾಗಿಲ್ಲ. ಅಂದು ಕಾಲು ಸುಟ್ಟುಕೊಂಡ ಹುಡುಗ ಈಗಲೂ ನಮ್ಮಲ್ಲೇ ಬಡಿಸುತ್ತಾನೆ. ಆ ಎರಡು ಕಾಗದ ಬಂದಿವೆಯೇ ಎಂದು ನನಗಿಂತ ಮೊದಲು ಕೇಳುವವನು ಅವನೇ.